ಶನಿವಾರದ ಡಿಸ್ಕು

ನಮ್ಮ ಮನೆಯ ಕಂಪ್ಯೂಟರ್ ಸತ್ತದ್ದು ಒಂದು ಮಂಗಳವಾರ ಬೆಳಿಗ್ಗೆ, ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ. ಹೊರಕೋಣೆಯಿಂದ ಕಟ ಕಟ ಎಂದು ಸದ್ದು ಬಂತು. ಫ್ಯಾನಿಗೆ ಏನೋ ತಗಲುತ್ತಿದೆ ಎಂದುಕೊಂಡೆ. ಆಮೇಲೆ ಸದ್ದು ನಿಂತಿತು. ಸೊಸೆ ಕೂಗಲಿಲ್ಲ, ಕಿರುಚಲಿಲ್ಲ. ಹಿತ್ತಲ ಬಾಗಿಲಿಗೆ ಬಂದು ನಿಂತು, "ಅತ್ತೆ, ಅವರೆಲ್ಲಿ?" ಎಂದಳು.

"ಸ್ನಾನಕ್ಕೆ ಹೋಗಿದ್ದಾನೆ. ಯಾಕೆ, ಏನಾಯ್ತೆ?"

"ಏನಿಲ್ಲ. ಬಂದ್ಮೇಲೆ ಹೊರಗೆ ಕಳಿಸಿ."

ಏನಿಲ್ಲ ಎಂದವಳ ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಬಕೆಟ್ಟನ್ನು ಅಲ್ಲೇ ಬಿಟ್ಟು ಹಿಂದೆಯೇ ಹೋದೆ.

ನಮ್ಮದು ಫೋಟೋದವರ ಮನೆ. ಯಜಮಾನರು ನಲವತ್ತು ವರ್ಷ ಸ್ಟುಡಿಯೋ ಇಟ್ಟಿದ್ದವರು. ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ಮುಖದ ಕಲೆ ತೆಗೆಯುವುದರಲ್ಲಿ ಎತ್ತಿದ ಕೈ. ಮಗ ಮದುವೆಗಳಿಗೆ ಕ್ಯಾಮೆರಾ ಹೊತ್ತುಕೊಂಡು ಓಡಾಡುತ್ತಾನೆ. ಅವನು ತಂದದ್ದನ್ನು ಸೊಸೆ ಹೊರಕೋಣೆಯಲ್ಲಿ ಕೂತು ತಿದ್ದುತ್ತಾಳೆ. ನಾನೊಬ್ಬಳೇ ಈ ಗುಂಪಿಗೆ ಸೇರದವಳು. ಮೂವತ್ತು ವರ್ಷ ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿದೆ, ಈಗ ಕಣ್ಣು ಸೂಜಿಯ ಮಾತು ಕೇಳುವುದಿಲ್ಲ, ಅಡುಗೆಮನೆ ಸೇರಿದ್ದೇನೆ.

ಏಳು ತಿಂಗಳ ಹಿಂದೆ ಸೊಸೆಗೆ ಗ್ರಂಥಾಲಯದಿಂದ ಒಂದು ಕೆಲಸ ಸಿಕ್ಕಿತ್ತು. ನಮ್ಮೂರಲ್ಲಿ ಹಗ್ಗದ ಕಾರ್ಖಾನೆ ಇತ್ತು, ಮುಚ್ಚಿ ಕಾಲವಾಯಿತು. ಅಲ್ಲಿ ದುಡಿದವರ ಹಳೆಯ ಫೋಟೋಗಳನ್ನು ಗ್ರಂಥಾಲಯದವರು ಮನೆಮನೆ ತಿರುಗಿ ಒಟ್ಟುಮಾಡಿದ್ದರು. ಇನ್ನೂರ ಹನ್ನೆರಡು. ಹುಳ ತಿಂದದ್ದು, ನೀರು ಕುಡಿದದ್ದು, ಮಡಚಿ ಮಡಚಿ ಮೂಗಿನ ಮೇಲೇ ಬಿರುಕು ಬಿಟ್ಟದ್ದು. ಅವನ್ನೆಲ್ಲ ಸ್ಕ್ಯಾನ್ ಮಾಡಿ, ಒಂದೊಂದೇ ಮುಖ ಕೂಡಿಸಿ, ಅಳಿಸಿಹೋದ ಕಣ್ಣು ತಂದು ಇವಳು ಸರಿಮಾಡಬೇಕಿತ್ತು. ಇನ್ನೂರ ಹನ್ನೆರಡೂ ಒಮ್ಮೆ ತಿದ್ದಿ ಮುಗಿಸಿದ್ದಳು. ಇನ್ನು ಆರು ವಾರಕ್ಕೆ ಪ್ರದರ್ಶನ. ಮಗ ತೆಗೆಯುವ ಮದುವೆಗಳ ಆಲ್ಬಮ್ಮಿನ ಮೇಲೆ ಮಗನ ಹೆಸರಿರುತ್ತದೆ. ಈ ಪ್ರದರ್ಶನದ ಗೋಡೆಯ ಮೇಲೆ ಇವಳ ಹೆಸರು ಬರುವುದಿತ್ತು. ಆ ಮಾತನ್ನು ಅವಳು ಒಂದೇ ಸಲ ಹೇಳಿದ್ದು, ಪಾತ್ರೆ ಒರೆಸುತ್ತಾ, ನೆಲ ನೋಡಿಕೊಂಡು. ಆಗ ನಾನು, "ಓಹೋ, ದೊಡ್ಡೋರಾಗ್ಬಿಟ್ರಿ," ಎಂದು ಚುಡಾಯಿಸಿದ್ದೆ.

ಮಗ ತಲೆ ಒರೆಸಿಕೊಳ್ಳುತ್ತಾ ಬಂದ. ಬಟನ್ ಒತ್ತಿದ, ವಯರ್ ಎಳೆದ, ಡಬ್ಬಕ್ಕೆ ಕಿವಿಯಿಟ್ಟ.

"ಡಿಸ್ಕ್ ಹೋಗಿದೆ," ಎಂದ. "ಹೋದ್ರೆ ಹೋಗ್ಲಿ ಬಿಡು. ಅಪ್ಪನ ಡಿಸ್ಕ್ ಇದೆಯಲ್ಲ."

ಅಪ್ಪನ ಡಿಸ್ಕ್ ಎಂದರೆ ಅಂಗೈಯಗಲದ ಕಪ್ಪು ಡಬ್ಬಿ. ಸ್ಟುಡಿಯೋ ಮುಚ್ಚಿದ ಮೇಲೆ ಯಜಮಾನರು ಕಿಟಕಿ ಪಕ್ಕ ಕೂತು ಗೋಡೆ ನೋಡುತ್ತಿದ್ದರು. ಅದನ್ನು ನೋಡಲಾರದೆ ಸೊಸೆಯೇ, "ಮಾವ, ವಾರಕ್ಕೊಂದ್ಸಲ ಎಲ್ಲಾನೂ ಇದಕ್ಕೆ ಕಾಪಿ ಹಾಕೋ ಜವಾಬ್ದಾರಿ ನಿಮ್ದು," ಎಂದು ಕೊಟ್ಟಿದ್ದಳು. ಪ್ರತಿ ಶನಿವಾರ ಅವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಕೋಣೆಗೆ ಹೋಗುತ್ತಿದ್ದರು. ಕಾಪಿ ಮುಗಿಯುವವರೆಗೆ ಊಟಕ್ಕೆ ಕರೆದರೂ ಬರುತ್ತಿರಲಿಲ್ಲ.

ಮಗ ಡಬ್ಬಿಯನ್ನು ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದ. ಫೋಟೋಗಳು ಸಾಲುಸಾಲಾಗಿ ಬಂದವು.

"ಇದೆಯಲ್ಲಮ್ಮ, ಎಲ್ಲಾ ಇದೆಯಲ್ಲ!" ಎಂದರು ಯಜಮಾನರು.

"ಇದು ಸ್ಕ್ಯಾನ್ ಮಾವ. ತಿದ್ದೋಕೆ ಮುಂಚೆ ಇದ್ದದ್ದು," ಎಂದಳು ಸೊಸೆ. "ತಿದ್ದಿದ್ದು ಬೇರೆ ಫೋಲ್ಡರ್. ಅದಿಲ್ಲ."

"ಅಪ್ಪಾ, ಎರಡೂ ಫೋಲ್ಡರ್ ಕಾಪಿ ಆಗ್ತಿತ್ತಾ?"

"ನೀನು ತೋರ್ಸಿಕೊಟ್ಟಂಗೇ ಬಟನ್ ಒತ್ತೋದಪ್ಪ. ಒಂದೇ ಒಂದು ಒರಿಜಿನಲ್ ಕೂಡ ತಪ್ಪಿಲ್ಲ, ಎಣಿಸ್ಕೋ."

ಅವರು ಹೇಳಿದ್ದು ನಿಜ. ಆದರೆ ಆ ಇನ್ನೊಂದು ಫೋಲ್ಡರ್ ಎಲ್ಲಿ ಹೋಯಿತೆಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಮೂರು ದಿನದ ಹಿಂದೆ, ಶನಿವಾರ, ನಾನು ಅದೇ ಕೋಣೆಯಲ್ಲಿ ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದೆ. "ಜಾಗ ಇಲ್ಲ ಅಂತಿದೆ ನೋಡೇ," ಎಂದರು ಯಜಮಾನರು. "ಒಂದೊಂದು ಫೋಟೋನೂ ಎರಡೆರಡು ಸಲ ಇಟ್ಟಿದ್ದಾರೆ. ಒರಿಜಿನಲ್ಲು ಇಷ್ಟೇ ಇಷ್ಟು, ಅದರ ಕಾಪಿ ಆನೆಯಷ್ಟು. ಅವಳನ್ನೊಂದು ಮಾತು ಕೇಳ್ಲಾ?" ಸೊಸೆ ಬೆಳಗಿನಿಂದ ಕೂತು ಕತ್ತು ಹಿಡಿದುಕೊಂಡಿದೆಯೆಂದು ಒಳಗೆ ಮಲಗಿದ್ದಳು. "ಅವಳನ್ನ ಯಾಕೆ ಎಬ್ಬಿಸ್ತೀರಿ," ಎಂದೆ ನಾನು. "ಒರಿಜಿನಲ್ ಇದ್ರೆ ಸಾಕಲ್ಲ. ಸ್ಟುಡಿಯೋದಲ್ಲಿ ನೀವು ನೆಗೆಟಿವ್ ತಾನೇ ಇಡ್ತಿದ್ದಿದ್ದು? ತೆಗೆದು ಬಿಸಾಕಿ, ಮನೇಲಿ ಆಗ್ಲೇ ಬೇಕಾದಷ್ಟು ಕಸ ಇದೆ."

ಅವರು ತಲೆಯಾಡಿಸಿ ಅಳಿಸಿದರು. ನಲವತ್ತು ವರ್ಷ ಅವರಿಗೆ ನೆಗೆಟಿವ್ ಒಂದೇ ಸತ್ಯ. ಪ್ರಿಂಟು ಯಾವಾಗ ಬೇಕಾದರೂ ಹಾಕಬಹುದು. ಸೊಸೆ ತಿದ್ದಿದ್ದೆಲ್ಲ ಕಂಪ್ಯೂಟರ್ ಒಳಗೆ ಇರುತ್ತದೆ, ಡಬ್ಬಿಯಲ್ಲಿರುವುದು ಒರಿಜಿನಲ್ಲು, ಅದರ ಹೆಚ್ಚುವರಿ ಪ್ರತಿ ಅಷ್ಟೇ ಎಂದೇ ಅವರು ತಿಳಿದಿದ್ದರು. ಮಂಗಳವಾರ ಕಂಪ್ಯೂಟರ್ ಸತ್ತಾಗಲೂ ಎರಡಕ್ಕೂ ಗಂಟು ಹಾಕಲು ಅವರಿಗೆ ಹೊಳೆಯಲಿಲ್ಲ.

ನಾನು ಬಾಯಿ ತೆರೆದೆ. ಯಜಮಾನರ ಮುಖ ನೋಡಿ ಮುಚ್ಚಿದೆ. ಎರಡು ತಿಂಗಳ ಹಿಂದೆ ಅವರು ಹಾಲಿಟ್ಟು ಮರೆತು ಪಾತ್ರೆ ಸುಟ್ಟಿದ್ದರು. "ಅಪ್ಪಾ, ನೀವಿನ್ನು ಒಲೆ ಮುಟ್ಬೇಡಿ," ಎಂದಿದ್ದ ಮಗ. ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಆದರೆ ಅಂದಿನಿಂದ ಅವರು ಟೀ ಬೇಕಾದರೆ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಾರೆ, ಬೇರೆಯವರ ಮನೆಗೆ ಬಂದವರ ಹಾಗೆ. ಉಳಿದಿದ್ದದ್ದು ಶನಿವಾರದ ಕೆಲಸ ಒಂದೇ. ಅದೂ ಹೋದರೆ ಈ ಮನುಷ್ಯ ಉಳಿಯುವುದಿಲ್ಲ ಎನಿಸಿತು. ಮಾತನ್ನು ಹೊಟ್ಟೆಗೆ ಹಾಕಿಕೊಂಡೆ.

"ಹಾಗಾದ್ರೆ ನಾನೇ ಸೆಟ್ ಮಾಡೋವಾಗ ಒಂದು ಫೋಲ್ಡರ್ ಬಿಟ್ಟಿರ್ಬೇಕು," ಎಂದ ಮಗ.

ಸೊಸೆ ಅವನನ್ನು ನೋಡಿದಳು. ಬೈಯಲಿಲ್ಲ. "ಹೌದಾ," ಎಂದಳು ಅಷ್ಟೆ.

ಮಾರನೆಯ ದಿನ ಮಗ ಒಬ್ಬ ರಿಪೇರಿಯವನನ್ನು ಕರೆತಂದ. ಸತ್ತ ಡಿಸ್ಕುಗಳಿಂದ ಫೈಲು ಎಬ್ಬಿಸುವವನು. ಮಾರ್ಕೆಟ್ಟಿನಲ್ಲಿ ಎಲ್ಲರೂ ಅವನನ್ನು ಡಾಕ್ಟ್ರು ಎನ್ನುತ್ತಾರಂತೆ. ಅವನು ಡಬ್ಬ ಬಿಚ್ಚಿ ಒಳಗಿನ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿಕೊಂಡ. "ಒಳಗಡೆ ಗೀರು ಬಿದ್ದಿದೆ. ಒಂದು ತಿಂಗಳಾದ್ರೂ ಬೇಕು. ಎಷ್ಟು ಬರುತ್ತೋ ಅಷ್ಟು," ಎಂದ. ಹೊರಡುವಾಗ ಮೇಜಿನ ಮೇಲಿದ್ದ ಕಪ್ಪು ಡಬ್ಬಿಯನ್ನು ತೋರಿಸಿ ಕೇಳಿದ, "ಇದ್ರಿಂದ ಯಾರಾದ್ರೂ ಏನಾದ್ರೂ ಅಳಿಸಿದ್ದೀರಾ?"

ಯಜಮಾನರು ವಾಕಿಂಗ್ ಹೋಗಿದ್ದರು. ನಾನು ಟೀ ಲೋಟ ಹಿಡಿದು ನಿಂತಿದ್ದೆ.

"ಅಪ್ಪ ನೋಡ್ಕೊಳ್ಳೋದು. ಅವರಿಗೆ ಬಟನ್ ಒತ್ತೋದು ಬಿಟ್ಟು ಬೇರೇನೂ ಬರಲ್ಲ," ಎಂದ ಮಗ.

ನಾನು ಟೀ ಕೊಟ್ಟು ಒಳಗೆ ಬಂದೆ.

ಮೊದಲ ವಾರ ಮನೆಯಲ್ಲಿ ಯಾರೂ ಜಗಳ ಆಡಲಿಲ್ಲ. ಜಗಳ ಆಡಿದ್ದರೆ ವಾಸಿಯಿತ್ತು. ಸೊಸೆ ಹೊಸ ಡಿಸ್ಕ್ ಹಾಕಿಸಿ ಮೊದಲನೆಯ ಫೋಟೋದಿಂದ ಮತ್ತೆ ಶುರುಮಾಡಿದಳು. ಊಟಕ್ಕೆ ಕರೆದರೆ ಬರುತ್ತಿದ್ದಳು, ಹಾಕಿದ್ದನ್ನು ತಿನ್ನುತ್ತಿದ್ದಳು. ಒಂದು ದಿನ ಬೇಳೆಗೆ ಉಪ್ಪು ಹಾಕಲು ಮರೆತಿದ್ದೆ. ಎಲ್ಲರೂ ಮುಖ ಕಿವುಚಿದರು, ಅವಳು ಎರಡನೇ ಸಲ ಹಾಕಿಸಿಕೊಂಡಳು.

"ಉಪ್ಪಿಲ್ಲ ಕಣೆ ಅದಕ್ಕೆ," ಎಂದೆ.

"ಹೌದಾ ಅತ್ತೆ?" ಎಂದು ತಟ್ಟೆ ನೋಡಿದಳು. ಆಮೇಲೆ ಅದನ್ನೇ ತಿಂದಳು.

ಎರಡನೇ ವಾರ ಮಗ ಸಿಡಿದ. ತಪ್ಪು ಮಾಡಿದೆನೆಂದು ಒಪ್ಪಿಕೊಂಡವನಿಗೆ ಯಾರೂ ಬೈಯದಿದ್ದರೆ ಅದೇ ಒಂದು ಸಂಕಟ.

"ಏನಾದ್ರೂ ಮಾತಾಡು ಮಾರಾಯ್ತಿ! ನನ್ನದೇ ತಪ್ಪು ಅಂತ ಎಷ್ಟು ಸಲ ಹೇಳ್ಲಿ?"

"ನಾನೇನೂ ಅಂದಿಲ್ವಲ್ಲ."

"ಅದೇ! ಏನೂ ಅನ್ನಲ್ಲ ನೀನು!"

"ಏನನ್ನಲಿ? ನೀವು ಮದುವೆ ಫೋಟೋ ತೆಗಿಯೋವಾಗ ಎರಡು ಕಾರ್ಡ್ ಹಾಕ್ತೀರ. ಒಂದು ಹೋದ್ರೆ ಇನ್ನೊಂದಿರ್ಲಿ ಅಂತ. ನನ್ನ ಕೆಲಸಕ್ಕೆ ಒಂದ್ಸಲ ತೆರೆದು ನೋಡೋಕೂ ಆಗ್ಲಿಲ್ಲ. ಅಷ್ಟೇ."

ದನಿ ಏರಿಸದೆ ಹೇಳಿದಳು. ಮಗ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಅವನಿಗೆ ಸಲ್ಲದ ಮಾತು ಅದು, ನನ್ನ ತಟ್ಟೆಗೆ ಬೀಳಬೇಕಾದದ್ದು. ಇಂದು ಹೇಳೋಣ, ನಾಳೆ ಹೇಳೋಣ ಎನ್ನುತ್ತಿದ್ದೆ. ಹೇಗೂ ಹೋದದ್ದು ಹೋಯಿತು, ಈಗ ಹೇಳಿ ಯಾರಿಗೇನು ಲಾಭ ಎಂದೂ ಎನ್ನುತ್ತಿದ್ದೆ. ಅಳಿಸಿದ್ದು ಎಂದರೆ ಒಲೆಗೆ ಹಾಕಿದ ಕಾಗದದ ಹಾಗೆ ಎಂದೇ ನನ್ನ ತಿಳುವಳಿಕೆ.

ಆ ಸಂಜೆ ಯಜಮಾನರು ಸೊಸೆಯ ಪಕ್ಕ ಒಂದು ಕುರ್ಚಿ ಎಳೆದುಕೊಂಡು ಕೂತರು.

"ನಂಗೂ ಏನಾದ್ರೂ ಕೊಡಮ್ಮ. ಮುಖ ಮುಟ್ಟಲ್ಲ. ಧೂಳಿನ ಚುಕ್ಕಿ ತೆಗೀತೀನಿ."

"ಕಣ್ಣು ನೋಯುತ್ತೆ ಮಾವ."

"ನೋಯ್ಲಿ ಬಿಡು. ಇನ್ಯಾತಕ್ಕೆ ಉಳಿಸ್ಕೊಳ್ಳಿ ಅದನ್ನ?"

ಮಗನ ಲ್ಯಾಪ್‌ಟಾಪಿನಲ್ಲಿ ಅವರಿಗೆ ಜಾಗ ಆಯಿತು. ಕೈ ಸ್ವಲ್ಪ ನಡುಗುತ್ತದೆ, ಆದರೆ ಪೆನ್ಸಿಲ್ ಹಿಡಿದ ಅಭ್ಯಾಸ ಎಲ್ಲಿ ಹೋಗುತ್ತದೆ? ದಿನಕ್ಕೆ ಎರಡು ಫೋಟೋದ ಚುಕ್ಕಿ ತೆಗೆದರು, ಆಮೇಲೆ ಮೂರು. "ಇಲ್ನೋಡಮ್ಮ, ಇದು ಧೂಳಲ್ಲ, ಈತನ ಮಚ್ಚೆ. ಬಿಟ್ಟಿದ್ದೀನಿ," ಎನ್ನುವರು. ಸೊಸೆ ಹತ್ತಿರ ಬಗ್ಗಿ ನೋಡಿ, "ಹೌದು ಮಾವ, ಮಚ್ಚೆನೇ," ಎನ್ನುವಳು. ಹಾಲು ಸುಟ್ಟ ದಿನದಿಂದ ಅವರ ದನಿ ಅಷ್ಟು ಬಿಡುಬೀಸಾಗಿ ಕೇಳಿರಲಿಲ್ಲ. ನಾನು ಇನ್ನಷ್ಟು ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡೆ.

ಮೂರನೇ ವಾರ ಹಗ್ಗದ ಕಾರ್ಖಾನೆಯಲ್ಲಿ ದುಡಿದಿದ್ದ ಮುದುಕರೊಬ್ಬರು ಬಂದರು. ಅವರ ಅಕ್ಕನದು ಒಂದೇ ಒಂದು ಫೋಟೋ ಇತ್ತಂತೆ. ಮುಖದ ಅರ್ಧ ನೀರಲ್ಲಿ ಅಂಟಿ ಕಿತ್ತುಹೋಗಿತ್ತು. ಕಂಪ್ಯೂಟರ್ ಸಾಯುವ ಮುಂಚೆ ಸೊಸೆ ಹನ್ನೊಂದು ದಿನ ಕೂತು, ಉಳಿದ ಅರ್ಧ ನೋಡಿಕೊಂಡು, ಮುದುಕರನ್ನೇ ಎದುರಿಗೆ ಕೂರಿಸಿಕೊಂಡು, "ಗಲ್ಲ ಹೀಗಿತ್ತಾ, ಇನ್ನೂ ಸಣ್ಣದಾ" ಎಂದು ಕೇಳಿ ಕೇಳಿ ಆ ಮುಖ ತಂದಿದ್ದಳು. ತೆರೆಯ ಮೇಲೆ ನೋಡಿದ ದಿನ ಮುದುಕರು ನಮ್ಮ ಮನೆಯಲ್ಲಿ ಗಳಗಳ ಅತ್ತಿದ್ದರು.

"ನಮ್ಮಕ್ಕನ್ನ ಇನ್ನೊಂದ್ಸಲ ತೋರ್ಸಮ್ಮ."

"ಈಗಿಲ್ಲ ತಾತ. ಮತ್ತೆ ಮಾಡ್ತಾ ಇದ್ದೀನಿ."

"ಮತ್ತೆ ಯಾಕೆ? ಚೆನ್ನಾಗೇ ಇತ್ತಲ್ಲ."

ನಾನು ಮುದುಕರಿಗೆ ಟೀ ಕೊಟ್ಟು ಕಳಿಸಿದೆ. ಆಮೇಲೆ ಅವಳು ಆ ಫೋಟೋ ತೆರೆದಳು, ಎರಡು ಗಂಟೆ ಕೂತಳು, ಮುಚ್ಚಿದಳು. "ಆ ಗಲ್ಲ ಮರ್ತೋಗಿದೆ ಅತ್ತೆ," ಎಂದಳು. ಅಳುತ್ತಾಳೇನೋ ಎಂದುಕೊಂಡೆ. ಎದ್ದು ಹೋಗಿ ಒಣಗಿದ ಬಟ್ಟೆ ಮಡಚಿದಳು.

ಮಗ ಆ ವಾರಗಳಲ್ಲಿ ನಾಲ್ಕು ಮದುವೆಗೆ ಹೋಗಿ ಬಂದ. ಈಗ ಜಾಣನಾಗಿದ್ದ. ಬಂದ ಕೂಡಲೇ ಫೋಟೋ, ವಿಡಿಯೋ, ಸೊಸೆಯ ಹೊಸ ಕೆಲಸ, ಎಲ್ಲವನ್ನೂ ಕಪ್ಪು ಡಬ್ಬಿಗೆ ತುಂಬುತ್ತಿದ್ದ. ಶನಿವಾರಕ್ಕೂ ಕಾಯುತ್ತಿರಲಿಲ್ಲ. "ನೋಡು, ಎರಡು ಫೋಲ್ಡರೂ ಇದೆ, ಕಣ್ಣಾರೆ ನೋಡು," ಎಂದು ಹೆಂಡತಿಯನ್ನು ಕರೆದು ತೋರಿಸುತ್ತಿದ್ದ. ಅವಳು ನೋಡಿ ತಲೆಯಾಡಿಸುತ್ತಿದ್ದಳು. ಇನ್ನೊಂದು ಹೊಸ ಡಬ್ಬಿ ತಂದರಾಯಿತು, ಅಲ್ಲಿಯವರೆಗೆ ಇದು ಎಂದ. ಐದನೇ ವಾರಕ್ಕೆ ಅದು ಕುತ್ತಿಗೆವರೆಗೂ ತುಂಬಿತ್ತು.

ಆ ವಾರದ ಗುರುವಾರ ಮಧ್ಯಾಹ್ನ, ಊಟದ ಹೊತ್ತಿಗೆ ಸರಿಯಾಗಿ, ಡಾಕ್ಟ್ರು ಬಂದ. ಮೂವತ್ತೊಂದು ಫೈಲು ತಂದಿದ್ದ. ನಾಲ್ಕರಲ್ಲಿ ಅರ್ಧ ಮುಖ, ಅರ್ಧ ಬೂದಿ ಬಣ್ಣ. ಮುದುಕರ ಅಕ್ಕ ಅದರಲ್ಲಿರಲಿಲ್ಲ. ಊಟ ಮಾಡಿಕೊಂಡು ಹೋಗಪ್ಪ ಎಂದೆ. ಕೂತ. ತಿನ್ನುತ್ತಾ ಮಾತಿಗಿಳಿದ.

"ಗೀರು ಬಿದ್ದಿದ್ದು ಬಾಳ ಕಷ್ಟ ಅಮ್ಮ. ಅಳಿಸಿದ್ದಾದ್ರೆ ಮಕ್ಕಳಾಟ, ಅರ್ಧ ದಿನದ ಕೆಲಸ."

"ಅಳಿಸಿದ್ದು ಹೆಂಗಪ್ಪ ಬರುತ್ತೆ?" ನನ್ನ ಕೈಯಲ್ಲಿ ಸೌಟು ಇತ್ತು.

"ಅಳಿಸಿದ್ರೆ ಎಲ್ಲಿಗೆ ಹೋಗುತ್ತೆ? ಅಲ್ಲೇ ಬಿದ್ದಿರುತ್ತೆ. ಇಲ್ಲಿ ಜಾಗ ಖಾಲಿ ಅಂತ ಬೋರ್ಡ್ ಹಾಕ್ಕೊಂಡಿರುತ್ತೆ ಅಷ್ಟೇ. ಅದರ ಮೇಲೆ ಬೇರೆ ಬರೆಯೋವರ್ಗೂ ಏನೂ ಆಗಲ್ಲ."

"ಆ ಕಪ್ಪು ಡಬ್ಬೀಲೂನಾ?"

"ಯಾವುದ್ರಲ್ಲಾದ್ರೂ."

ಸೊಸೆ ತಲೆಯೆತ್ತಿ ನನ್ನನ್ನು ನೋಡಿದಳು. ಮಗನೂ ನೋಡಿದ. ಯಜಮಾನರು ಅನ್ನ ಕಲಸುತ್ತಿದ್ದರು.

"ಅದರಲ್ಲಿತ್ತು," ಎಂದೆ. "ತಿದ್ದಿದ್ದೆಲ್ಲ ಅದರಲ್ಲಿತ್ತು. ಕಂಪ್ಯೂಟರ್ ಹೋಗೋಕೆ ಮುಂಚಿನ ಶನಿವಾರ ಅಳಿಸಿದ್ದು. ಜಾಗ ಇಲ್ಲ ಅಂತು. ಅವಳನ್ನ ಕೇಳ್ಲಾ ಅಂದ್ರು ಇವರು. ಬೇಡ, ಕಸ, ಬಿಸಾಕಿ ಅಂದಿದ್ದು ನಾನು."

ಡಾಕ್ಟ್ರು ಕೈ ತೊಳೆದುಕೊಂಡು ಎದ್ದ. ಹೊರಕೋಣೆಗೆ ಹೋಗಿ ಡಬ್ಬಿ ಚುಚ್ಚಿದ. ಸಂಜೆ ಆರರವರೆಗೆ ಕೂತ. ಸೊಸೆ ಅವನ ಹಿಂದೆ ಗೋಡೆಗೆ ಒರಗಿ ನಿಂತೇ ಇದ್ದಳು. ನಾನು ಎರಡು ಸಲ ಕುರ್ಚಿ ತಂದಿಟ್ಟೆ, ಕೂರಲಿಲ್ಲ.

ಒಂಬತ್ತು ಫೈಲು ಬಂತು.

"ಮಿಕ್ಕಿದ್ದರ ಮೇಲೆಲ್ಲ ಮದುವೆ ವಿಡಿಯೋ ಕೂತಿದೆ," ಎಂದ ಅವನು. "ಮೊದಲನೇ ದಿನಾನೇ ಕೇಳಿದ್ದೆನಲ್ಲ. ಅವತ್ತು ಸಿಕ್ಕಿದ್ರೆ ಇನ್ನೂರ ಹನ್ನೆರಡೂ ಬರ್ತಿತ್ತು."

ಅವನು ಡಬ್ಬಿಯ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಮಗ ಅವನನ್ನು ಬಿಟ್ಟುಬರಲು ಗೇಟಿನವರೆಗೆ ಹೋದವನು ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ಕಿಟಕಿಯಿಂದ ನೋಡಿದರೆ ಕಾಂಪೌಂಡ್ ಗೋಡೆಯ ಮೇಲೆ ಕೈಯಿಟ್ಟು ಬೀದಿ ನೋಡುತ್ತಾ ನಿಂತಿದ್ದ.

ಯಜಮಾನರು ಅಡುಗೆಮನೆಗೆ ಬಂದರು. ಬಾಗಿಲಲ್ಲಿ ನಿಲ್ಲಲಿಲ್ಲ, ಒಳಗೇ ಬಂದರು.

"ಹಾಗಾದ್ರೆ ಅಳಿಸಿದ್ದು ನಾನು."

"ನಾನು ಹೇಳಿದ್ದಕ್ಕೆ ಅಳಿಸಿದ್ದು."

"ಮೊದಲನೇ ದಿನಾನೇ ಗೊತ್ತಾಯ್ತಾ ನಿಂಗೆ?"

"ಆಯ್ತು."

"ನಂಗೆ ಯಾಕೆ ಹೇಳ್ಲಿಲ್ಲ?"

"ಹಾಲು ಸುಟ್ಟಿದ್ದಕ್ಕೇ ಅಷ್ಟು ಕುಗ್ಗಿಹೋಗಿದ್ರಿ. ಇದು ಗೊತ್ತಾದ್ರೆ..."

"ಸ್ಟುಡಿಯೋ ಇಟ್ಟ ಎರಡನೇ ವರ್ಷ ಒಂದು ಮದುವೆ ರೋಲನ್ನ ಪೂರ್ತಿ ಕೆಡಿಸಿದ್ದೆ," ಎಂದರು. "ರೋಲು ತೊಳೆಯೋ ಔಷಧಿ ಬಿಸಿ ಜಾಸ್ತಿಯಾಗಿ. ಒಂದು ಮುಖಾನೂ ಉಳೀಲಿಲ್ಲ. ಅವತ್ತೇ ಅವರ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಹೇಳಿದೆ. ಹುಡುಗಿಯ ಅಪ್ಪ ಕೆನ್ನೆಗೆ ಒಂದು ಬಿಟ್ಟ. ಬಿಟ್ಟು, ಒಳಗೆ ಕರೆದು ಕೂರಿಸಿದ. ನಾನು ಹೇಳಿರ್ತಿದ್ದೆ ಕಣೇ. ಈ ಮಗುಗೆ ಅವತ್ತೇ ಹೇಳಿರ್ತಿದ್ದೆ."

ಅಷ್ಟು ವರ್ಷ ಒಟ್ಟಿಗೆ ಉಂಡ ಮನುಷ್ಯ. ಅವರು ಹೇಳಿಬಿಡುವವರೆಂದು ನನಗೇ ಗೊತ್ತಿರಲಿಲ್ಲ. ಒಲೆಯ ಮೇಲೆ ಅವರೇ ನೀರಿಟ್ಟರು, ಬೆಂಕಿ ಹಚ್ಚಿದರು, ಪಕ್ಕದಲ್ಲೇ ನಿಂತು ಕುದಿಯುವವರೆಗೆ ಕಾದರು. ನನಗೊಂದು ಲೋಟ ಟೀ ಕೊಡಲಿಲ್ಲ. ಎರಡು ಲೋಟ ಹಿಡಿದು ಹೊರಕೋಣೆಗೆ ಹೋದರು.

ನಾನು ತಟ್ಟೆಗಳನ್ನೆಲ್ಲ ತೊಳೆದೆ. ತೊಳೆದು ಮುಗಿದ ಮೇಲೆ ಮಾಡಲು ಬೇರೆ ಕೆಲಸ ಸಿಗಲಿಲ್ಲ. ಕೈ ಒರೆಸಿಕೊಂಡು ಹೊರಗೆ ಹೋದೆ.

ಯಜಮಾನರು ತಮ್ಮ ಜಾಗದಲ್ಲಿ ಕೂತು ಚುಕ್ಕಿ ತೆಗೆಯುತ್ತಿದ್ದರು, ಕಣ್ಣು ಒದ್ದೆಯಾಗಿತ್ತು. ಅವರು ಏನು ಹೇಳಿದ್ದರೋ, ಅವಳು ಏನೆಂದಳೋ, ನನಗೆ ಗೊತ್ತಿಲ್ಲ. ಸೊಸೆಯ ಮುಂದೆ ಮುದುಕರ ಅಕ್ಕನ ಫೋಟೋ ತೆರೆದಿತ್ತು. ಅರ್ಧ ಮುಖ ಇತ್ತು, ಇನ್ನರ್ಧ ಬಿಳಿ. ಅವಳು ಆ ಬಿಳಿಯ ಅಂಚಿನಲ್ಲಿ ಒಂದು ಸಣ್ಣ ಗೆರೆ ಎಳೆದಳು, ಅಳಿಸಿದಳು, ಮತ್ತೆ ಎಳೆದಳು.

ನಾನು ಅವಳ ಬೆನ್ನ ಹಿಂದೆ ನಿಂತೆ.

"ಬೈಯಮ್ಮ ನನ್ನ," ಎಂದೆ. "ಬಾಯಿಗೆ ಬಂದಂಗೆ ಬೈದುಬಿಡು."

ಅವಳು ತಿರುಗಲಿಲ್ಲ.

"ಸಿಕ್ಕಿದ್ದು, ಮತ್ತೆ ತಿದ್ದಿದ್ದು ಎಲ್ಲಾ ಸೇರಿ ನೂರ ಮೂರು ಆಗಿದೆ," ಎಂದಳು. "ಇನ್ನು ಒಂಬತ್ತೇ ದಿನ. ಟೈಮಿಲ್ಲ ಅತ್ತೆ."